ಓಡಲಾರದ ಮಕ್ಕಳಿಗೆ ಭಾರ ಎತ್ತುವ ವ್ಯಾಯಾಮ ಕಲಿಸಿ

ಮಾನ್ಯ ಸಂಪಾದಕರೇ,

ಆರನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗನಿಗೆ ಬೊಜ್ಜಿನ ಸಮಸ್ಯೆಯಿದೆ. ಶಾಲೆಯ ಆಟದ ಪಿರಿಯಡ್ ಶುರುವಾಗುವುದೇ ಮೈದಾನದ ಎರಡು ಸುತ್ತು ಓಟದಿಂದ. ಅರ್ಧ ಸುತ್ತಿಗೇ ಏದುಸಿರು ಬಂದು, ಉಳಿದವರು ನಗುತ್ತಿರುವಂತೆಯೇ ಅವನು ಹೊಂಗೆ ಮರದ ಕಟ್ಟೆ ಹಿಡಿಯುತ್ತಾನೆ. ತುಮಕೂರಿನ ಅಮಾನಿಕೆರೆ ದಂಡೆಯಲ್ಲಿ ನಾನೇ ವಾಕಿಂಗ್ ಕರೆದೊಯ್ದೆ. ನಾಲ್ಕನೇ ದಿನ ಬರಲೊಲ್ಲೆನೆಂದ.

ಬೇಸಿಗೆ ರಜೆಯಲ್ಲಿ ಗುಬ್ಬಿ ತಾಲ್ಲೂಕಿನ ನಮ್ಮ ತೋಟದಲ್ಲಿ ಕಾಯಿ ಕೆಡವಿಸಿದಾಗ, ಇದೇ ಹುಡುಗ ಆರೇಳು ತೆಂಗಿನಕಾಯಿಗಳ ಮಕ್ಕರಿಯನ್ನು ಸೊಂಟಕ್ಕಿಟ್ಟುಕೊಂಡು ಮತ್ತೆ ಮತ್ತೆ ಕೊಟ್ಟಿಗೆಗೆ ಸಾಗಿಸಿದ. ಓಟದಲ್ಲಿ ಅವನನ್ನು ಹಿಂದಿಕ್ಕುವ ಚಿಕ್ಕಪ್ಪನ ಮಗ ಎರಡನೇ ಸರದಿಗೇ ಕೈಚೆಲ್ಲಿದ್ದ. ದಿನವೂ ತಮ್ಮ ಮೈಭಾರವನ್ನೇ ಹೊರುವ ಇಂಥ ಮಕ್ಕಳ ಸ್ನಾಯುಗಳಲ್ಲಿ ಸಾಮಾನ್ಯವಾಗಿ ಬಲ ಇದ್ದೇ ಇರುತ್ತದೆ. ಅವರು ಗೆಲ್ಲಬಲ್ಲ ಕಸರತ್ತನ್ನು ಬಿಟ್ಟು ಸೋಲುವುದನ್ನೇ ನಾವು ಮಾಡಿಸುತ್ತಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕೆನ್ನುವುದಲ್ಲದೆ, ವಾರಕ್ಕೆ ಕನಿಷ್ಠ 3 ದಿನ ಸ್ನಾಯು, ಮೂಳೆಗಳನ್ನು ಬಲಪಡಿಸುವ ವ್ಯಾಯಾಮವೂ ಇರಬೇಕೆನ್ನುತ್ತದೆ. ಈ ಎರಡನೆಯ ಮಾತು ನಮ್ಮ ಮೈದಾನಗಳನ್ನು ತಲುಪಿದಂತಿಲ್ಲ. ಭಾರ ಎತ್ತಿದರೆ ಮಗು ಕುಳ್ಳಗೆ ಉಳಿಯುತ್ತದೆಂಬ ಭಯ ನಮ್ಮ ಮನೆಯಲ್ಲೂ ಇತ್ತು. ಆದರೆ ಬಲ್ಲವರ ನಿಗಾದಲ್ಲಿ, ಹಗುರ ತೂಕದಿಂದ ಆರಂಭಿಸಿ, ಸರಿಯಾದ ಭಂಗಿಯಲ್ಲಿ ಮಾಡಿದರೆ ಬೆಳವಣಿಗೆಗೆ ಅಡ್ಡಿಯಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಸ್ಪಷ್ಟಪಡಿಸಿದೆ. ಪೈಪೋಟಿಗೆ ಬಿದ್ದು ಮಿತಿಮೀರಿ ಎತ್ತಿದರೆ ಪೆಟ್ಟಾದೀತು.

ತೂಕದ ಯಂತ್ರದ ಮುಳ್ಳು ಕೂಡಲೇ ಇಳಿಯದಿರಬಹುದು, ಏಕೆಂದರೆ ಕೊಬ್ಬು ಕರಗುತ್ತಿದ್ದಂತೆ ಸ್ನಾಯು ಬೆಳೆಯುತ್ತದೆ. ಆ ಸ್ನಾಯುವೇ ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲು ನೆರವಾಗುತ್ತದೆ. ಶಾಲೆಯ ಗೇಟಿನೆದುರಿನ ಬೇಕರಿಯ ಪಫ್‌ಗೆ ಕಡಿವಾಣ ಹಾಕುವುದಂತೂ ತಪ್ಪುವುದಿಲ್ಲ.

ಇದಕ್ಕೆ ಜಿಮ್ ಬೇಕಿಲ್ಲ. ಗೋಡೆಗೆ ಕೈಯೂರಿ ಹೊಡೆಯುವ ದಂಡ, ಮರಳು ತುಂಬಿದ ಸಣ್ಣ ಚೀಲಗಳು, ಹಗ್ಗಜಗ್ಗಾಟ, ಬಸ್ಕಿ ಸಾಕು (ಬಸ್ಕಿಯನ್ನು ನಮ್ಮ ಶಾಲೆಗಳು ಶಿಕ್ಷೆಗೆಂದೇ ಮೀಸಲಿಟ್ಟಿರುವುದು ಬೇರೆ ಮಾತು). ಜಿಲ್ಲೆಯ ದೈಹಿಕ ಶಿಕ್ಷಣ ಶಿಕ್ಷಕರಿಗೆ ಇವನ್ನು ಮಕ್ಕಳಿಗೆ ಹಂತಹಂತವಾಗಿ ಕಲಿಸುವ ತರಬೇತಿಯನ್ನು ಶಿಕ್ಷಣ ಇಲಾಖೆಯು ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಏರ್ಪಡಿಸಬೇಕೆಂದು ಕೋರುತ್ತೇನೆ.

— ಒಬ್ಬ ಹಿರಿಯ ನಾಗರಿಕ, ತುಮಕೂರು