ದಪ್ಪ ಅಕ್ಷರಕ್ಕೆ ಜಾಗ ಕೊಡು

ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚಿಕ್ಕಮಗಳೂರಿನ ನಿನ್ನ ಕಾಫಿಪುಡಿ ಅಂಗಡಿಗೆ ಮಾಡಿರುವ ಲೇಬಲ್ ನೋಡಿದೆ. ಇಂಗ್ಲಿಷ್ ಹೆಸರಿಗೆ ಕೂಪರ್ ಬ್ಲ್ಯಾಕ್ ಅನ್ನುವ ದಪ್ಪ ಫಾಂಟ್ ಹಾಕಿದ್ದೀಯ. ತುಂಬಾ ಖುಷಿಯಾಯಿತು. ಹಳೇ ಕಾಲದ್ದು ಅಂತ ಯಾರಾದರೂ ಹೇಳಿದರೆ ಬದಲಿಸಬೇಡ. ಆದರೆ ಅದರ ಸ್ವಭಾವ ತಿಳಿದು ಬಳಸು.

ಅದನ್ನು ರೂಪಿಸಿದವರು ಷಿಕಾಗೋದ ಆಸ್ವಾಲ್ಡ್ ಕೂಪರ್. ಜಾಹೀರಾತುಗಳಿಗೆ ಕೈಯಲ್ಲೇ ಅಕ್ಷರ ಬರೆಯುತ್ತಿದ್ದವರು. 1922ರಲ್ಲಿ ಅದು ಅಚ್ಚುಮೊಳೆಯಾಗಿ ಬಂತು. ಆ ಕೈಬರಹದ ಗುಣ ಈಗಲೂ ಅದರಲ್ಲಿದೆ. ಸೆರಿಫ್, ಅಂದರೆ ಗೆರೆಗಳ ತುದಿಯಲ್ಲಿ ಸಣ್ಣ ಚಾಚು, ಇದೆ, ಆದರೆ ಚೂಪಿಲ್ಲ, ತುದಿಯೆಲ್ಲ ದುಂಡಗೆ. ಬುಡವೂ ಚಪ್ಪಟೆಯಲ್ಲ, ಸ್ವಲ್ಪ ಉಬ್ಬಿದೆ. ಇಂಗ್ಲಿಷ್‌ನ 'ಓ' ಒಳಗಿನ ಕಿಂಡಿ ನೋಡು, ಒಂದು ಕಡೆಗೆ ವಾಲಿದೆ. ಅದಕ್ಕೇ ಅಷ್ಟು ದಪ್ಪ ಇದ್ದರೂ ಆ ಅಕ್ಷರ ಗದರಿಸುವುದಿಲ್ಲ, ಬಾಗಿಲಲ್ಲಿ ನಿಂತು 'ಬನ್ನಿ, ಕಾಫಿ ಕುಡಿದು ಹೋಗಿ' ಅನ್ನುವ ಮನೆಯವರ ಹಾಗಿದೆ. ಈಸಿಜೆಟ್ ವಿಮಾನಗಳ ಮೇಲಿನ ಹೆಸರೂ ಇದೇ ಜಾತಿಯದು.

ಕಂದು ಪೊಟ್ಟಣದ ಮೇಲೆ ಬಿಳಿ ಅಕ್ಷರ ಬಿಡುವ ನಿನ್ನ ಯೋಚನೆ ಸರಿ. ಅಚ್ಚಿನಲ್ಲಿ ಸುತ್ತಲಿನ ಬಣ್ಣ ಒಳಗೆ ಹರಡುತ್ತೆ. ಸಣಕಲು ಅಕ್ಷರವಾದರೆ ಸವೆದುಹೋಗುತ್ತೆ, ಇದು ತಡೆದುಕೊಳ್ಳುತ್ತೆ. ಆದರೆ ಹೆಸರಿಗೆ ಮಾತ್ರ ಸಾಕು. ಹಿಂಬದಿಯ ವಿವರಕ್ಕೂ ಅದನ್ನೇ ಹಾಕಿದ್ದೀಯಲ್ಲ, ತೆಗೆದುಬಿಡು. ಸಣ್ಣ ಗಾತ್ರದಲ್ಲಿ ಕಿಂಡಿಗಳು ಮುಚ್ಚಿ ಎಲ್ಲ ಮಸಿಯಂತೆ ಕಾಣುತ್ತೆ. ಚಿಕರಿ ಎಷ್ಟು ಪರ್ಸೆಂಟ್ ಅನ್ನುವುದನ್ನು ಜನ ಓದಲೇಬೇಕು. ಕಾನೂನಿನ ಪ್ರಕಾರ ಚಿಕರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕು. ನಿನ್ನ ಅಳತೆಯನ್ನು ಸಾದಾ ಅಕ್ಷರದಲ್ಲಿ, ಮುಚ್ಚುಮರೆಯಿಲ್ಲದೆ ಹಾಕು.

ಈಗ ನನಗೆ ಜಾಸ್ತಿ ಚಿಂತೆ ಇರುವ ವಿಷಯ, ಕನ್ನಡ ಹೆಸರು. ಕೂಪರ್ ಬ್ಲ್ಯಾಕ್‌ನಲ್ಲಿ ಕನ್ನಡ ಇಲ್ಲ. ಅದಕ್ಕೆ ನೀನು ಒಂದು ಸಾದಾ ಫಾಂಟ್ ತೆಗೆದುಕೊಂಡು, ಸುತ್ತ ಗೆರೆ ಸೇರಿಸಿ ದಪ್ಪ ಮಾಡಿದ್ದೀಯ, ಅಲ್ವಾ? 'ಕಾಫಿ' ಅನ್ನುವುದರಲ್ಲಿ 'ಫ'ದ ಕೆಳಗಿನ ಸೀಳು ಮುಚ್ಚಿಹೋಗಿದೆ. ಓದಿದರೆ 'ಕಾಪಿ'. 'ಧ'ಕ್ಕೂ 'ಢ'ಕ್ಕೂ ಇದೇ ಗತಿ. ನಮ್ಮ ಲಿಪಿಯಲ್ಲಿ ಆ ಸಣ್ಣ ಸೀಳೇ ಪ್ರಾಣ. ಮೊದಲಿನಿಂದಲೇ ದಪ್ಪಗೆ ಬರೆದ ಫಾಂಟ್ ಬಳಸು. ಫಾಂಟ್ ಮಾಡುವ ಏಕ್ ಟೈಪ್‌ನವರ ಬಾಲೂ ತಮ್ಮ ಇದೆ, ದುಡ್ಡು ಕೊಡಬೇಕಿಲ್ಲ. ಸೆರಿಫ್ ಇಲ್ಲದಿದ್ದರೂ ಅದರ ದುಂಡುತನ ಕೂಪರ್ ಪಕ್ಕದಲ್ಲಿ ಚೆನ್ನಾಗಿ ಹೊಂದುತ್ತೆ. ಕನ್ನಡ ಮೊದಲೇ ದುಂಡು ಲಿಪಿ. ಅದನ್ನು ಬಲವಂತವಾಗಿ ಇಂಗ್ಲಿಷ್‌ನ ಹಾಗೆ ಮಾಡುವುದು ಬೇಡ.

ಸಾಲುಗಳ ನಡುವೆ ಜಾಗ ಬಿಡು. 'ಹಾಸನ' ಅಂತ ಬರೆದರೆ ಒತ್ತಕ್ಷರದ ತಂಟೆಯಿಲ್ಲ. 'ಚಿಕ್ಕಮಗಳೂರು' ಬಂದರೆ ಕೆಳಗೆ 'ಕ' ಒತ್ತು ಇಳಿಯುತ್ತೆ. ಕೆಳಗಿನ ಸಾಲಿನ ಗುಡಿಸು ಅದಕ್ಕೆ ತಗಲಬಾರದು. ಇಂಗ್ಲಿಷ್ ಅಕ್ಷರಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿದರೆ ಚೆಂದ ಕಾಣುತ್ತೆ. ಕನ್ನಡಕ್ಕೆ ಉಸಿರಾಡಲು ಸ್ಥಳ ಬೇಕು, ಇದರಲ್ಲಿ ಜಿಪುಣತನ ಮಾಡಬೇಡ.

ಅಚ್ಚಿಗೆ ಕೊಡುವ ಮೊದಲು ಪೊಟ್ಟಣದ ನಿಜವಾದ ಗಾತ್ರದಲ್ಲಿ ಪ್ರಿಂಟ್ ತೆಗೆದು, ಕಾಲು ಕಿಲೋ ಪೊಟ್ಟಣಕ್ಕೆ ಅಂಟಿಸಿ ಅಂಗಡಿಯ ಕಪಾಟಿನಲ್ಲಿಡು. ರಸ್ತೆಯ ಆಚೆ ನಿಂತು ನೋಡು. ನಿನ್ನ ಅಜ್ಜಿಯನ್ನೂ ಕರೆದು ಓದಿಸು. ಅವರು ತಡವರಿಸಿದ ಅಕ್ಷರ ಯಾವುದು ಅಂತ ನನಗೆ ಬರೆ.

ನಿನ್ನ
ದೊಡ್ಡಪ್ಪ