ನಾಡಿ ಹಿಡಿದು ನೋಡು, ಪುಟ್ಟ

ಡೊಂಬಿವಲಿ

ಪ್ರೀತಿಯ ಪುಟ್ಟ,

ಕೂತಲ್ಲೇ ಎದೆ ಡವಡವ ಅನ್ನುತ್ತದೆ, ನಡುನಡುವೆ ಬಡಿತ ತಪ್ಪಿದ ಹಾಗಾಗುತ್ತದೆ ಅಂದೆಯಂತೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗಿದೆಯಂತೆ. ಪುಣೆಗೆ ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಮೂರು ವರ್ಷದ ಹಿಂದೆ ನಾನೂ ಇದೇ ಸೋಡಾ ಕುಡಿದವನು.

ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣ ಅನ್ನುತ್ತಾರೆ. ಒಂದೊಂದಕ್ಕೂ ಕಿವಿಯಂಥ ಸಣ್ಣ ಚೀಲ ಅಂಟಿಕೊಂಡಿದೆ. ಮೈಯೆಲ್ಲ ಸುತ್ತಿದ ರಕ್ತ ಬಲಗಡೆಯದಕ್ಕೆ ಬರುತ್ತದೆ, ಶ್ವಾಸಕೋಶದಿಂದ ಬಂದದ್ದು ಎಡಗಡೆಯದಕ್ಕೆ. ಗೋಡೆ ತೆಳು. ಕೆಳಗಿನ ಕೋಣೆಗೆ ಇಳಿಸಿದರೆ ಆಯಿತಲ್ಲ, ದೂರ ತಳ್ಳುವ ಕಷ್ಟ ಇಲ್ಲ.

ಇಳಿಸುವುದು ಹೇಗೆ ಗೊತ್ತಾ? ಬೆಳಿಗ್ಗೆ ಇಲ್ಲಿ ಫಾಸ್ಟ್ ಲೋಕಲ್ ರೈಲು ನಿಂತಾಗ ಮುಕ್ಕಾಲು ಜನ ತಾವೇ ಒಳಗೆ ನುಗ್ಗುತ್ತಾರೆ. ಕೊನೆಯ ನಾಲ್ಕು ಜನಕ್ಕೆ ಹಿಂದಿನಿಂದ ಒಂದು ದಬ್ಬು ಬೇಕು. ರಕ್ತವೂ ಹಾಗೇ. ಕವಾಟ ತೆರೆದರೆ ಹೆಚ್ಚಿನದು ತಾನೇ ಇಳಿಯುತ್ತದೆ, ಉಳಿದದ್ದಕ್ಕೆ ಹೃತ್ಕರ್ಣದ ದಬ್ಬು. ಯಾವಾಗ ದಬ್ಬಬೇಕು ಅಂತ ಹೇಳುವ ಪುಟ್ಟ ಗಂಟೂ ಬಲ ಹೃತ್ಕರ್ಣದ ಗೋಡೆಯಲ್ಲೇ ಇದೆ. ಕೀತ್ ಮತ್ತು ಫ್ಲ್ಯಾಕ್ ಅನ್ನುವವರು 1907ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು.

ನನ್ನಲ್ಲಿ ಆ ದಬ್ಬು ಹೋಗಿ ಬರೀ ನಡುಕ ಉಳಿಯಿತು. ಏಟ್ರಿಯಲ್ ಫಿಬ್ರಿಲೇಷನ್ ಅಂತೆ. ಸ್ಟೇಷನ್ ಬ್ರಿಜ್ ಹತ್ತುವಷ್ಟರಲ್ಲಿ ಏದುಸಿರು. ಮೊದಲು ಹೋದ ಕಡೆ ನಾಡಿ ಮುಟ್ಟದೆ ಆಸಿಡಿಟಿ ಮಾತ್ರೆ ಕೊಟ್ಟು ಕಳಿಸಿದರು. ಎಡಗಡೆಯ ಆ ಕಿವಿ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ತುಣುಕು ಮೆದುಳಿಗೆ ಹೋದರೆ ಲಕ್ವ. ಈಗ ದಿನಾ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತೇನೆ. ಒಂದು ಹೊತ್ತು ತಪ್ಪಿದರೂ ನಿನ್ನ ಅತ್ತೆ ಬಿಡುವುದಿಲ್ಲ.

ನಿನ್ನ ವಯಸ್ಸಿಗೆ ಅದೇ ಇರಬೇಕೆಂದಿಲ್ಲ. ನಿದ್ದೆಗೆಟ್ಟರೂ, ಕಾಫಿ ಜಾಸ್ತಿಯಾದರೂ ಬಡಿತ ತಪ್ಪಿದ ಹಾಗಾಗುತ್ತದೆ. ಶನಿವಾರದ ಪಾರ್ಟಿಗಳ ವಿಷಯ ನಿನ್ನಮ್ಮನಿಗೆ ಗೊತ್ತಿಲ್ಲ, ನನಗೆ ಗೊತ್ತು. ಹೆಂಡ ಮಿತಿಮೀರಿದರೂ ಹೃತ್ಕರ್ಣದ ತಾಳ ಕೆಡುತ್ತದೆ.

ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಡು. ಪೂರ್ತಿ ಒಂದು ನಿಮಿಷ ಎಣಿಸು. ನನ್ನದು ಹೀಗಿತ್ತು: ಎರಡು ಬಡಿತ, ಒಂದು ಖಾಲಿ, ಆಮೇಲೆ ಮೂರು ಓಡೋಡಿ. ಹಾಗಿದ್ದರೆ ಡವಡವ ಇರುವಾಗಲೇ ಹೋಗಿ ಇಸಿಜಿ ತೆಗೆಸು. ಡವಡವ ನಿಂತ ಮೇಲೆ ತೆಗೆಸಿದರೆ ಎಲ್ಲ ಸರಿಯಾಗಿಯೇ ಕಾಣಬಹುದು. ತಲೆಸುತ್ತು, ಎದೆನೋವು ಬಂದರಂತೂ ಕಾಯಬೇಡ.

ಇಸಿಜಿ ಕಾಗದದ ಫೋಟೋ ವಾಟ್ಸಾಪ್ ಮಾಡು. ನನಗೆ ಅದನ್ನು ಓದಲು ಬರುವುದಿಲ್ಲ, ಆದರೂ ಕಳಿಸು.

ನಿನ್ನ ಮಾವ