ಓರೆಕೋರೆ ಕೈ ಬಂದಾಗ ಬಿಡ್ ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ಬ್ರಿಡ್ಜ್ (ಇಸ್ಪೀಟ್ ಆಟ) ಅಭ್ಯಾಸಕ್ಕೆ ಬರೀ ವಿಚಿತ್ರ ಹಂಚಿಕೆಯ ಕೈಗಳನ್ನೇ ಜೋಡಿಸಿದ್ದೇನೆ. ಇಂಥ ಕೈಯಲ್ಲಿ ಬಿಡ್ ಮಾಡುವುದು, ಅಂದರೆ ಎಷ್ಟು ಗೆಲ್ಲುತ್ತೇವೆಂದು ಹರಾಜು ಕೂಗುವುದು, ಹೇಗೆಂದು ಇಲ್ಲಿದೆ. ಬರುವ ಮೊದಲು ಇದನ್ನು ಓದಿಕೊಳ್ಳಿ.

ಏಳು ಸ್ಪೇಡ್, ಆರು ಹಾರ್ಟ್, ಬೇರೆ ಒಂದೆಲೆಯೂ ಇಲ್ಲ ಅಂದುಕೊಳ್ಳಿ. ಸ್ಪೇಡ್‌ನಲ್ಲಿ ಎಕ್ಕ, ರಾಣಿ, ಗುಲಾಮ, ಹತ್ತು. ಹಾರ್ಟ್‌ನಲ್ಲಿ ರಾಜ, ರಾಣಿ, ಹತ್ತು, ಒಂಬತ್ತು. ಎಣಿಸಿದರೆ (ಎಕ್ಕ 4, ರಾಜ 3, ರಾಣಿ 2, ಗುಲಾಮ 1) 12 ಪಾಯಿಂಟ್ ಅಷ್ಟೇ. ಆದರೆ ಪಾರ್ಟ್ನರ್ ಬರಿಗೈ ಆಗಿದ್ದರೂ 10 ಟ್ರಿಕ್ (ಗೆದ್ದ ಸುತ್ತು) ಸಿಗುವ ಸಂಭವ ಹೆಚ್ಚು. ಇಲ್ಲಿ ಪಾಯಿಂಟ್ ಮರೆತು ಸೋಲುವ ಟ್ರಿಕ್ ಎಣಿಸಿ.

ಆದರೂ 2 ಕ್ಲಬ್‌ನಿಂದ (ತುಂಬಾ ಬಲವಾದ ಕೈ ಎಂದು ಹೇಳುವ ಬಿಡ್) ಶುರು ಮಾಡಬೇಡಿ. ಎದುರಾಳಿ ನೇರ 5 ಡೈಮಂಡ್‌ಗೆ ಹಾರಿದರೆ ನಿಮ್ಮ ಎರಡು ಸೂಟನ್ನೂ ತೋರಿಸಲು ಜಾಗವೇ ಇರುವುದಿಲ್ಲ. 1 ಸ್ಪೇಡ್ ಸಾಕು; ಇಂಥ ಕೈಯಲ್ಲಿ ಹರಾಜು ಒಂದರ ಮಟ್ಟದಲ್ಲೇ ನಿಲ್ಲುವುದು ತೀರಾ ಅಪರೂಪ.

ಒಂದೆಲೆಯೂ ಇಲ್ಲದ ಸೂಟ್ ಇದ್ದಾಗ ಬ್ಲ್ಯಾಕ್‌ವುಡ್ (ಪಾರ್ಟ್ನರ್ ಬಳಿ ಎಷ್ಟು ಎಕ್ಕ ಇವೆ ಎಂದು ಕೇಳುವ ಬಿಡ್) ಕೇಳಬೇಡಿ. ಪಾರ್ಟ್ನರ್ ಹೇಳುವ ಎಕ್ಕ ಯಾವುದೆಂದು ತಿಳಿಯದು, ಡೈಮಂಡ್ ಎಕ್ಕ ನಿಮಗೆ ಹೆಚ್ಚೇನೂ ನೆರವಾಗದು. ಯಾವ ಸೂಟ್‌ನಲ್ಲಿ ಹಿಡಿತವಿದೆ ಎಂದು ತೋರಿಸುವ ಕ್ಯೂ ಬಿಡ್ ಮಾಡಿ.

ಐದರ ಮಟ್ಟದಲ್ಲಿ ಡಬಲ್ (ಎದುರಾಳಿ ಸೋಲುತ್ತಾರೆಂದು ಪಣ ಏರಿಸುವುದು) ಮಾಡಲೋ, ನಮ್ಮ ಬಿಡ್ ಇನ್ನೊಂದು ಏರಿಸಲೋ ಎಂಬ ಗೊಂದಲವಾದರೆ ನಾನಂತೂ ಏರಿಸುತ್ತೇನೆ.

ಸಿಸ್ಟಂ ಕಾರ್ಡ್ (ನಿಮ್ಮ ಜೋಡಿಯ ಬಿಡ್‌ಗಳ ಅರ್ಥ ಬರೆದ ಚೀಟಿ) ಮರೆಯದೆ ತನ್ನಿ.